ಬಳೆಚೂರಿನ ಸರ: ಮಲೆನಾಡಿನ ಮನೆಗಳ ಒಂದು ದೀಪದುರಿಯ ಕುಶಲತೆ

ಗಾಜಿನ ಬಳೆ ಒಡೆದಾಗ ಉಳಿಯುವ ಗಿಡ್ಡ ತುಂಡುಗಳನ್ನು ದೀಪದ ಉರಿಗೆ ಹಿಡಿದು, ಮೆತ್ತಗಾದೊಡನೆ ಬಾಗಿಸಿ, ಒಂದರೊಳಗೆ ಒಂದನ್ನು ಕೋದು ಸರ ಮಾಡುವ ಪದ್ಧತಿ ಕರ್ನಾಟಕದ ಅನೇಕ ಭಾಗಗಳಲ್ಲಿ ರೂಢಿಯಲ್ಲಿತ್ತು. ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಮಲೆನಾಡಿಗೆ ಸೇರಿದ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳೂ ಇದಕ್ಕೆ ಹೊರತಲ್ಲ. ನಡುಮನೆಯ ಬಾಗಿಲ ತೋರಣವಾಗಿ, ದೇವರ ಮಂಟಪದ ಮುಂದಿನ ಇಳಿಸರವಾಗಿ, ಗೋಡೆಗನ್ನಡಿಯ ಚೌಕಟ್ಟಿನ ಸುತ್ತಿನ ಅಲಂಕಾರವಾಗಿ ಈ ಸರಗಳು ಬಳಕೆಯಾಗಿವೆ. ಇವುಗಳನ್ನು ಮಾಡಿದವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ‘ಮಕ್ಕಳಾಟಿಕೆ’ ಎಂಬ ಒಂದೇ ಮಾತಿನಲ್ಲಿ ಇವುಗಳನ್ನು ಬದಿಗಿರಿಸುವ ವಾಡಿಕೆಯಿರುವುದರಿಂದ ಇವುಗಳ ಹಿಂದಿರುವ ತಾಂತ್ರಿಕ ತಿಳಿವಳಿಕೆ ಜಾನಪದ ಅಧ್ಯಯನದ ಕಣ್ಣಿಗೆ ಬಿದ್ದದ್ದು ಕಡಿಮೆ. ಗಾಜಿನ ಗುಣ, ಉರಿಯ ಗುಣ, ತುಂಡಿನ ಉದ್ದ ಈ ಮೂರನ್ನೂ ಅರಿಯದವರಿಗೆ ಒಂದು ಕೊಂಡಿಯನ್ನೂ ಮಾಡಲಾಗದು. ಆ ಅರಿವಿನ ಸ್ವರೂಪವೇನು, ಒಡೆದ ಬಳೆಯ ಬಗೆಗಿನ ನಂಬಿಕೆಗಳೊಡನೆ ಅದರ ಸಂಬಂಧವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಬಳೆ ಮನೆಗೆ ಬರುವ ಬಗೆಯನ್ನು ಗಮನಿಸಬೇಕು. ಮಲೆನಾಡಿನ ವಸತಿ ಬಯಲುಸೀಮೆಯ ಊರಿನಂತಲ್ಲ. ಅಡಕೆ ತೋಟದ ತಲೆಯ ಮೇಲೆ ಒಂದು ಮನೆ, ಗುಡ್ಡ ದಾಟಿದರೆ ಇನ್ನೊಂದು. ಅಂಗಡಿ ಬೀದಿಯೆಂಬುದು ಶೃಂಗೇರಿಯಂಥ ಯಾತ್ರಾಸ್ಥಳದಲ್ಲಿ, ಕೊಪ್ಪದಂಥ ತಾಲ್ಲೂಕು ಕೇಂದ್ರದಲ್ಲಿ, ಬಾಳೆಹೊನ್ನೂರಿನಂಥ ಪೀಠಸ್ಥಾನದ ಜಾತ್ರೆಯಲ್ಲಿ ಕಾಣುವಂಥದು. ಉಳಿದಂತೆ ಬಳೆಯು ಬಳೆಗಾರನ ಹೆಗಲ ಮೇಲೆಯೇ ಮನೆಬಾಗಿಲಿಗೆ ಬರಬೇಕಾಗಿತ್ತು. ಹಗ್ಗಕ್ಕೆ ಪೋಣಿಸಿ ಕಟ್ಟಿದ ಬಳೆಗಳ ಕಟ್ಟಿಗೆ ‘ಮಲಾರ’ ಎಂಬ ಹೆಸರು ಕನ್ನಡದಲ್ಲಿ ಹಳೆಯದು. ತವರಿನ ಸುದ್ದಿಯನ್ನು ಗಂಡನ ಮನೆಗೂ ಗಂಡನ ಮನೆಯ ಸುದ್ದಿಯನ್ನು ತವರಿಗೂ ಒಯ್ಯುವವನಾಗಿ ಬಳೆಗಾರ ನಮ್ಮ ಜನಪದ ಗೀತೆಗಳಲ್ಲಿ ನಿಂತಿದ್ದಾನೆ. ‘ಭಾಗ್ಯದ ಬಳೆಗಾರ’ನ ಹಾಡನ್ನು ಅರಿಯದ ಕನ್ನಡಿಗರು ವಿರಳ. 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯಲ್ಲಿಯೂ ಆತ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆದರೆ ಹಾಡುಗಳು ಹೇಳದ ಒಂದು ಸಂಗತಿಯುಂಟು. ಬಳೆಗಾರ ಹೋದಮೇಲೆ ಜಗಲಿಯ ಮೇಲೆ ಉಳಿಯುತ್ತಿದ್ದುದು ಬಳೆಚೂರು. ಕೆಲಸ ಮಾಡಿ ಗಡುಸಾದ ಕೈಗೆ ಅಳತೆಯ ಬಳೆಯನ್ನು ಏರಿಸುವಾಗ ಡಜನ್ನಿಗೆ ಒಂದೆರಡಾದರೂ ಒಡೆಯುವುದು ಸಹಜ. ಮಕ್ಕಳು ಕಾದು ಕುಳಿತಿರುತ್ತಿದ್ದುದು ಅದಕ್ಕಾಗಿ.

ಅವು ಎಷ್ಟು ಉದ್ದದ ಚೂರುಗಳು ಎಂಬುದು ಮುಂದಿನ ವಿವೇಚನೆಗೆ ಮುಖ್ಯವಾದದ್ದು. ಬಳೆಯ ಅಳತೆಯನ್ನು ವ್ಯಾಪಾರದಲ್ಲಿ ‘ಎರಡು-ನಾಲ್ಕು’, ‘ಎರಡು-ಆರು’, ‘ಎರಡು-ಎಂಟು’ ಎಂದು ಹೇಳುತ್ತಾರೆ. ಮೊದಲ ಅಂಕಿ ಒಳವ್ಯಾಸದ ಅಂಗುಲ, ಎರಡನೆಯದು ಅಂಗುಲದ ಹದಿನಾರನೆಯ ಭಾಗಗಳು. ಎರಡು-ಆರರ ಬಳೆಯ ಒಳವ್ಯಾಸ ಸುಮಾರು 60 ಮಿಲಿಮೀಟರ್. ಸುತ್ತಳತೆ ಸುಮಾರು 190 ಮಿಲಿಮೀಟರ್. ಒಂದು ಬಳೆ ಮೂರು ನಾಲ್ಕು ತುಂಡಾದರೆ ಒಂದೊಂದೂ ಐದಾರು ಸೆಂಟಿಮೀಟರಿನಷ್ಟಿರುತ್ತದೆ. ಇಷ್ಟು ಗಿಡ್ಡನೆಯ, ಈಗಾಗಲೇ ಬಾಗಿರುವ, ಎರಡು ಮೂರು ಮಿಲಿಮೀಟರ್ ದಪ್ಪದ ಗಾಜುಕಡ್ಡಿಯೇ ಈ ಕುಶಲತೆಯ ಕಚ್ಚಾ ಸಾಮಗ್ರಿ.

ಒಡೆದ ಬಳೆಯು ಮಂಗಳಕರವಾದ ವಸ್ತುವಲ್ಲ. ಹಿರಿಯ ಹೆಂಗಸರು ‘ಬಳೆ ಒಡೆಯಿತು’ ಎಂದು ಬಾಯಿಬಿಟ್ಟು ಆಡದೆ ‘ಬಳೆ ಹೆಚ್ಚಿತು’ ಎನ್ನುವುದನ್ನು ಕೇಳಬಹುದು. ಮರಾಠಿಯಲ್ಲಿಯೂ ಬಳೆ ‘ವಾಢಲಿ’, ಅಂದರೆ ಬೆಳೆಯಿತು ಎಂದೇ ಹೇಳುತ್ತಾರೆ. ಕಳೆದುಕೊಂಡದ್ದನ್ನು ಕೂಡಿಕೊಂಡದ್ದೆಂದು ಹೇಳುವ ಈ ನುಡಿಗಟ್ಟಿನ ಹಿಂದೆ ಇರುವುದು ವೈಧವ್ಯದ ಭಯ. ಗಂಡ ಸತ್ತಾಗ ಹೆಣ್ಣಿನ ಕೈಬಳೆಗಳನ್ನು ಒಡೆಯುವ ಕ್ರೂರ ಶಾಸ್ತ್ರ ಅನೇಕ ಸಮುದಾಯಗಳಲ್ಲಿ ಬಹುಕಾಲ ನಡೆದುಬಂದಿತು. ಪೂರ್ತಿ ನಿಂತಿದೆಯೆಂದು ಇಂದಿಗೂ ಹೇಳುವಂತಿಲ್ಲ. ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮದವರು 2022ರ ಮೇ ತಿಂಗಳಿನಲ್ಲಿ ಗ್ರಾಮಸಭೆಯ ಠರಾವಿನ ಮೂಲಕ ಇಂಥ ವಿಧವಾ ಆಚರಣೆಗಳನ್ನು ನಿಲ್ಲಿಸಲು ತೀರ್ಮಾನಿಸಿದ್ದು, ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಆ ಮಾದರಿಯನ್ನು ಉಳಿದ ಗ್ರಾಮಗಳೂ ಅನುಸರಿಸುವಂತೆ ಸುತ್ತೋಲೆ ಹೊರಡಿಸಿದ್ದು ಈ ಹಿನ್ನೆಲೆಯಲ್ಲಿ ಉಲ್ಲೇಖಾರ್ಹ.

ಹಾಗಾದರೆ ಇಂಥ ಅಮಂಗಳದ ಚೂರು ಬಾಗಿಲ ಮೇಲಿನ ತೋರಣವಾಗುವುದು ಹೇಗೆ? ತೋರಣವೆಂದರೆ ಮಂಗಳದ ಗುರುತು. ಇಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಒಡೆಯುವ ಕ್ರಿಯೆಗೆ ಅಂಟಿಕೊಂಡಿರುವ ಅಶುಭವು ಚೂರಿಗೂ ಪೂರ್ತಿಯಾಗಿ ಅಂಟುವುದಿಲ್ಲ. ತೊಡಿಸುವಾಗ, ಭತ್ತ ಕುಟ್ಟುವಾಗ, ಪಾತ್ರೆ ತಿಕ್ಕುವಾಗ ಒಡೆದದ್ದು ದಿನನಿತ್ಯದ ಒಡಕು. ಶಾಸ್ತ್ರಕ್ಕಾಗಿ ಒಡೆದದ್ದು ಬೇರೆ. ಮೊದಲನೆಯದು ಮಕ್ಕಳ ಡಬ್ಬಿಗೆ ಸೇರುತ್ತಿತ್ತು, ಎರಡನೆಯದನ್ನು ಆಟಕ್ಕೆ ಮುಟ್ಟಿಸುವ ಮಾತೇ ಇರಲಿಲ್ಲ. ಎರಡನೆಯದಾಗಿ, ಚೂರನ್ನು ಉರಿಗೆ ಹಿಡಿದು ಮತ್ತೆ ದುಂಡಗೆ ಮಾಡುವುದರಿಂದ ಅದು ಚೂರಾಗಿ ಉಳಿಯುವುದಿಲ್ಲ. ತುದಿಗೆ ತುದಿ ಕೂಡಿದ ಪುಟ್ಟ ಬಳೆಯೇ ಆಗುತ್ತದೆ. ಬೆಂಕಿಯಿಂದ ಶುದ್ಧಿ ಎಂಬ ಸಿದ್ಧ ವ್ಯಾಖ್ಯಾನವನ್ನು ಇಲ್ಲಿ ಹೇರಲು ಆತುರಪಡಬೇಕಿಲ್ಲ. ಮಾಡುತ್ತಿದ್ದ ಹುಡುಗಿಯರಿಗೆ ಅಂಥ ಆಲೋಚನೆ ಇತ್ತೆನ್ನುವುದಕ್ಕಿಂತ, ಕೈಗೆ ಸಿಕ್ಕ ಬಣ್ಣವನ್ನು ಎಸೆಯಲು ಮನಸ್ಸು ಬಾರದಿದ್ದುದೇ ಹೆಚ್ಚು ನಿಜವಿರಬಹುದು.

ಇನ್ನು ಉರಿಯ ವಿಷಯ. ದೀಪದ ಜ್ವಾಲೆಯಲ್ಲಿ ಗಾಜುಕಡ್ಡಿಯನ್ನು ಕಾಯಿಸಿ ಮಣಿ, ಗೊಂಬೆ, ಒಡವೆ ಮಾಡುವ ಕಸುಬು ಲೋಕದ ಬೇರೆಡೆಗಳಲ್ಲಿಯೂ ಪ್ರಸಿದ್ಧ. ಇಟಲಿಯ ವೆನಿಸ್ ಬಳಿಯ ಮುರಾನೊ ದ್ವೀಪ, 1597ರಲ್ಲಿ ಗಾಜಿನ ಕುಲುಮೆ ಆರಂಭವಾದ ಜರ್ಮನಿಯ ಲೌಶಾ ಇಂಥ ಕೇಂದ್ರಗಳು. ಇಟಲಿ ಮತ್ತು ಫ್ರಾನ್ಸ್ ದೇಶಗಳ ಗಾಜಿನ ಮಣಿಯ ಕಲೆಯನ್ನು 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಈ ಕಸುಬಿನವರೆಲ್ಲರನ್ನೂ ಕಾಡುವ ಒಂದು ತೊಡಕೆಂದರೆ ಕೊನೆಯಲ್ಲಿ ಕೈಯಲ್ಲಿ ಉಳಿಯುವ ಗಿಡ್ಡ ತುಂಡು. ಕಡ್ಡಿ ಕರಗುತ್ತ ಬಂದಂತೆ ಉರಿಗೂ ಬೆರಳಿಗೂ ಇರುವ ಅಂತರ ಕಡಿಮೆಯಾಗಿ, ಒಂದು ಹಂತದಲ್ಲಿ ಹಿಡಿಯುವುದೇ ಅಸಾಧ್ಯವಾಗುತ್ತದೆ. ವೃತ್ತಿಗಾರರು ಆ ತುಂಡಿನ ತುದಿಯನ್ನು ಕಾಯಿಸಿ ಅದೇ ಜಾತಿಯ ಹೊಸ ಕಡ್ಡಿಗೆ ಬೆಸೆದು ಬಳಸಿ ಮುಗಿಸುತ್ತಾರೆ. ಮಲೆನಾಡಿನ ಹುಡುಗಿಗೆ ಹೊಸ ಕಡ್ಡಿಯೆಂಬುದೇ ಇರಲಿಲ್ಲ. ಅವಳಿಗೆ ದೊರೆತದ್ದೆಲ್ಲ ಗಿಡ್ಡ ತುಂಡೇ. ಹೀಗಾಗಿ ಉಳಿಕೆಯನ್ನು ಮುಗಿಸುವ ಉಪಾಯವೇ ಇಲ್ಲಿ ಇಡಿಯ ಕಸುಬಾಯಿತು.

ಇದಕ್ಕೂ ಹತ್ತಿರದ ನಂಟು ಬಳೆಯ ಹುಟ್ಟಿನಲ್ಲಿಯೇ ಇದೆ. ಇಂದು ಭಾರತದ ಗಾಜಿನ ಬಳೆಯ ಬಹುಪಾಲು ಬರುವುದು ಉತ್ತರ ಪ್ರದೇಶದ ಫಿರೋಜಾಬಾದಿನಿಂದ. ಅಲ್ಲಿ ಕರಗಿದ ಗಾಜನ್ನು ಎಳೆದು, ತಿರುಗುವ ದಂಡಕ್ಕೆ ಸುರುಳಿಯಾಗಿ ಸುತ್ತಿ, ಆ ಸುರುಳಿಯನ್ನು ಉದ್ದಕ್ಕೆ ಗೀರಿ ಕತ್ತರಿಸುತ್ತಾರೆ. ಆಗ ಸಿಗುವುದು ಬಾಯಿ ಬಿಟ್ಟ ಉಂಗುರ. ಅದರ ಎರಡು ತುದಿಗಳನ್ನು ಸಮಮಾಡಿ, ದೀಪದ ಉರಿಯಲ್ಲಿ ಕಾಯಿಸಿ ಕೂಡಿಸುವ ಕೆಲಸಕ್ಕೆ ‘ಜುಡಾಯಿ’ ಎಂದು ಹೆಸರು. ಕಾರ್ಖಾನೆಯ ಹೊರಗೆ, ಕಾರ್ಮಿಕರ ಮನೆಗಳಲ್ಲಿ, ಹೆಂಗಸರೂ ಮಕ್ಕಳೂ ಸೀಮೆಎಣ್ಣೆಯ ಉರಿಯ ಮುಂದೆ ಕುಳಿತು ಈ ಕೆಲಸವನ್ನು ಮಾಡಿಕೊಂಡು ಬಂದರು. ತಾಜ್‌ಮಹಲಿನ ಸುತ್ತಲ ವಾಯುಮಾಲಿನ್ಯದ ಪ್ರಕರಣದಲ್ಲಿ 1996ರ ಡಿಸೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ತರುವಾಯ ಅಲ್ಲಿನ ಕುಲುಮೆಗಳು ಕಲ್ಲಿದ್ದಲಿನಿಂದ ನೈಸರ್ಗಿಕ ಅನಿಲಕ್ಕೆ ಹೊರಳಿದವು. ಮನೆಮನೆಯ ಜುಡಾಯಿಯ ಬವಣೆಗೆ ಅಷ್ಟು ಸುಲಭದ ಪರಿಹಾರ ದೊರೆಯಲಿಲ್ಲ. ಬಳೆಯೂ ಸೇರಿದಂತೆ ಗಾಜಿನ ಸಾಮಾನು ತಯಾರಿಕೆಯು 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧಿತ ಕೆಲಸಗಳ ಅನುಸೂಚಿಯಲ್ಲಿ ಸೇರಿತ್ತೆಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಕೊಪ್ಪದ ಜಗಲಿಯಲ್ಲಿ ಮಗುವಿನ ಆಟವಾಗಿದ್ದ ಅದೇ ಕೈಚಳಕ ಫಿರೋಜಾಬಾದಿನ ಓಣಿಯಲ್ಲಿ ಮಗುವಿನ ಕೂಲಿಯಾಗಿತ್ತು. ಈ ಸರಗಳ ಚೆಲುವನ್ನು ಮೆಚ್ಚುವ ಲೇಖನವು ಅದನ್ನು ಮರೆಮಾಚಬಾರದು.

ಕನ್ನಡ ನಾಡಿಗೆ ಬಳೆಗಾಜು ಹೊರಗಿನಿಂದಲೇ ಬಂದದ್ದೆಂದು ತಿಳಿಯಬೇಕಾಗಿಲ್ಲ. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್, ಈಗ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿಗೆ ಸೇರಿರುವ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುತ್ತಿದ್ದ ಕುಲುಮೆಗಳನ್ನು ವರ್ಣಿಸಿದ್ದಾನೆ. ಆತನ ಗ್ರಂಥ 1807ರಲ್ಲಿ ಪ್ರಕಟವಾಯಿತು. ಪುರಾತತ್ತ್ವಜ್ಞರಂತೂ ಬಳೆಚೂರನ್ನು ಎಂದೂ ಕಡೆಗಣಿಸಲಿಲ್ಲ. ಕೊಲ್ಹಾಪುರದ ಬ್ರಹ್ಮಪುರಿಯ ಉತ್ಖನನದಲ್ಲಿ ಬಹಮನಿ ಕಾಲದ ಬಗೆಬಗೆಯ ಗಾಜಿನ ಬಳೆಗಳ ತುಂಡುಗಳು ದೊರೆತವು. ಅಂಥ ಸಾಮಗ್ರಿಯನ್ನು ಆಧರಿಸಿ ಎಂ.ಜಿ. ದೀಕ್ಷಿತರು ಬರೆದ ಭಾರತೀಯ ಗಾಜಿನ ಇತಿಹಾಸ 1969ರಲ್ಲಿ ಹೊರಬಂತು. ಮಣ್ಣಿನ ಪದರಿನೊಳಗಿನ ಬಳೆಚೂರು ಕಾಲನಿರ್ಣಯದ ಸಾಕ್ಷಿಯಾಗಿರುವಾಗ ಅಟ್ಟದ ಮೇಲಿನ ಬಳೆಚೂರಿನ ಸರಕ್ಕೆ ಒಂದು ಸಾಲಿನ ದಾಖಲೆಯೂ ದೊರೆಯದಿರುವುದು ವಿಚಿತ್ರವೇ ಸರಿ.

ಈಗ ಮಾಡುವ ಕ್ರಮ. ಬಳೆಯ ಗಾಜು ಮರಳು, ಸೋಡಾ ಮತ್ತು ಸುಣ್ಣದ ಅಂಶಗಳಿಂದಾದದ್ದು. ಈ ಜಾತಿಯ ಗಾಜು ಸುಮಾರು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗಿ ಬಾಗುತ್ತದೆ. ಮೇಣದಬತ್ತಿಯ ಜ್ವಾಲೆಯ ಹಳದಿ ಭಾಗದಲ್ಲಿ ಸುಮಾರು 1200 ಡಿಗ್ರಿ, ಹೊರ ಅಂಚಿನಲ್ಲಿ ಸುಮಾರು 1400 ಡಿಗ್ರಿಯವರೆಗೆ ಶಾಖವಿರುತ್ತದೆ. ಆದುದರಿಂದ ತಿದಿಯಾಗಲಿ ಊದುಗೊಳವೆಯಾಗಲಿ ಇಲ್ಲದೆಯೂ ತೆಳುವಾದ ಬಳೆಚೂರು ಬಾಗುತ್ತದೆ. ಆದರೆ ಉರಿಯ ಎಲ್ಲ ಭಾಗವೂ ಒಂದೇ ಅಲ್ಲ. ಬತ್ತಿಯ ಬುಡದ ಕಪ್ಪು ಭಾಗ ತಣ್ಣನೆಯದು. ನಡುವಿನ ಹಳದಿ ಭಾಗದಲ್ಲಿ ಮಸಿಯ ಕಣಗಳು ತುಂಬಿರುವುದರಿಂದ ಅಲ್ಲಿಟ್ಟ ಗಾಜು ಕಾಯುವುದಕ್ಕಿಂತ ಮೊದಲೇ ಕಪ್ಪಾಗುತ್ತದೆ. ಹೊರಗಿನ, ಕಣ್ಣಿಗೆ ಹೆಚ್ಚು ಕಾಣದ ಅಂಚೇ ಕೆಲಸದ ಜಾಗ. ಸೀಮೆಎಣ್ಣೆಯ ಬುಡ್ಡಿಯಲ್ಲಿ ಮಸಿ ಇನ್ನೂ ಹೆಚ್ಚು. ಬತ್ತಿಯನ್ನು ತಗ್ಗಿಸಿ, ಗಾಳಿ ಬೀಸದ ಮೂಲೆಯಲ್ಲಿ ದೀಪವಿಟ್ಟು, ಚೂರನ್ನು ಉರಿಯ ಪಕ್ಕಕ್ಕೆ ಹಿಡಿದರೆ ಮಾತ್ರ ಬಣ್ಣ ಉಳಿಯುತ್ತದೆ. ಹಿಡಿದ ಮಸಿಯನ್ನು ಆರಿದಮೇಲೆ ಬಟ್ಟೆಯಿಂದ ಒರಸಿ ತೆಗೆಯಬಹುದು.

ಕೊಂಡಿ ಮಾಡುವುದರಲ್ಲಿ ಎರಡು ವಿಧಗಳುಂಟು. ಒಂದರಲ್ಲಿ ಚೂರಿನ ಎರಡೂ ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ನಡುಭಾಗವನ್ನು ಉರಿಗೆ ಒಡ್ಡುತ್ತಾರೆ. ನಡು ಕೆಂಪಾಗಿ ಬಳುಕಿದೊಡನೆ ತುದಿಗಳನ್ನು ಒಂದರತ್ತ ಒಂದನ್ನು ತರುತ್ತಾರೆ; ಹುಣಸೆಬೀಜದ ಅಂಚಿನಂತೆ ದುಂಡನೆಯ ಕೊಂಡಿಯಾಗುತ್ತದೆ. ಚೂರು ಈಗಾಗಲೇ ಬಾಗಿರುವುದರಿಂದ ಅರ್ಧ ಕೆಲಸ ಮೊದಲೇ ಆಗಿರುತ್ತದೆ. ಮತ್ತೊಂದು ವಿಧದಲ್ಲಿ ಒಂದು ತುದಿಯನ್ನಷ್ಟೇ ಕಾಯಿಸಿ, ಇಕ್ಕಳದಿಂದಲೋ ಚಾಕುವಿನ ಬೆನ್ನಿನಿಂದಲೋ ಒತ್ತಿ ಕಣ್ಣಿನಂತೆ ಸುತ್ತಿ, ಅದು ಪೂರ್ತಿ ಆರಿದಮೇಲೆ ಇನ್ನೊಂದು ತುದಿಗೂ ಹಾಗೆಯೇ ಮಾಡುತ್ತಾರೆ. ಇದರಲ್ಲಿ ನಡುವಿನ ಬಾಗು ಹಾಗೆಯೇ ಉಳಿದು, ಸರವು ತೂಗಿದಾಗ ಅಲೆಯಲೆಯಾಗಿ ಕಾಣುತ್ತದೆ. ಗಾಜೂ ಕಡಿಮೆ ಸಾಕು. ಆದರೆ ಕೈ ಪಳಗಿರಬೇಕು.

ಬೆರಳು ಸುಡದಿರುವುದು ಹೇಗೆಂಬ ಪ್ರಶ್ನೆಗೆ ಉತ್ತರ ಗಾಜಿನ ಗುಣದಲ್ಲಿದೆ. ಗಾಜು ಶಾಖವನ್ನು ಬಹು ನಿಧಾನವಾಗಿ ಸಾಗಿಸುತ್ತದೆ. ತಾಮ್ರವು ಅದಕ್ಕಿಂತ ಸುಮಾರು 400 ಪಟ್ಟು ಚುರುಕಾಗಿ ಸಾಗಿಸುತ್ತದೆ. ತಂತಿಯ ತುಂಡನ್ನು ಹೀಗೆ ಬರಿಗೈಯಲ್ಲಿ ಹಿಡಿಯಲಾಗದು. ಬಳೆಚೂರಿನ ಒಂದು ತುದಿ ಕೆಂಪಾಗಿರುವಾಗ ಎರಡು ಮೂರು ಸೆಂಟಿಮೀಟರ್ ಆಚೆಯ ತುದಿಯನ್ನು ಹಿಡಿದಿರಬಹುದು. ಆದರೆ ಅದಕ್ಕಿಂತ ಗಿಡ್ಡವಾದರೆ ಉರಿಯ ಬಿಸಿಗಾಳಿಯೇ ಬೆರಳಿಗೆ ತಾಗುತ್ತದೆ. ಈ ಮಿತಿಯೇ ಚೂರುಗಳನ್ನು ಆರಿಸುವ ಅಳತೆಗೋಲು. ಬೆರಳ ಎರಡು ಗೆಣ್ಣಿಗಿಂತ ಉದ್ದವಿರುವುದು ಸರಕ್ಕೆ. ಉಳಿದದ್ದು ಬೇರೆ ಕೆಲಸಕ್ಕೆ.

ಈ ಕುಶಲತೆಯ ಅತ್ಯಂತ ಜಾಣತನದ ಅಂಶವೆಂದರೆ ಇಲ್ಲಿ ಬೆಸುಗೆಯೇ ಇಲ್ಲದಿರುವುದು. ಬೇರೆ ಬೇರೆ ಕುಲುಮೆಯ, ಬೇರೆ ಬೇರೆ ಬಣ್ಣದ ಗಾಜುಗಳು ಕಾದಾಗ ಹಿಗ್ಗುವ, ಆರುವಾಗ ಕುಗ್ಗುವ ಪ್ರಮಾಣ ಒಂದೇ ಆಗಿರುವುದಿಲ್ಲ. ಅಂಥ ಎರಡು ಗಾಜುಗಳನ್ನು ಕರಗಿಸಿ ಬೆಸೆದರೆ ಆರುವಾಗ ಕೂಡಿದ ಕಡೆ ಬಿಗಿತ ಉಂಟಾಗಿ, ಕೂಡಲೇ ಅಲ್ಲದಿದ್ದರೂ ಕೆಲವು ದಿನಗಳ ಮೇಲೆ ಸೀಳುತ್ತದೆ. ವೃತ್ತಿಯ ಗಾಜುಗಾರರು ಉಳಿಕೆ ತುಂಡುಗಳನ್ನು ಜಾತಿವಾರು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಈ ಕಾರಣಕ್ಕೆ. ಬಳೆಚೂರಿನ ಸರದಲ್ಲಿ ಕೊಂಡಿಗಳು ಒಂದನ್ನೊಂದು ಹಿಡಿದಿರುತ್ತವೆಯೇ ಹೊರತು ಒಂದಾಗಿರುವುದಿಲ್ಲ. ಹಸಿರು ಬಳೆ ಯಾವ ಮಲಾರದ್ದು, ಕೆಂಪು ಬಳೆ ಯಾವ ಜಾತ್ರೆಯದು ಎಂದು ನೋಡಬೇಕಾಗಿಲ್ಲ. ಕೊಂಡಿಯ ತುದಿಗಳು ಕೂಡ ಪರಸ್ಪರ ಅಂಟಲೇಬೇಕೆಂದಿಲ್ಲ. ನಡುವಿನ ಸಂದು ಗಾಜಿನ ದಪ್ಪಕ್ಕಿಂತ ಕಿರಿದಾಗಿದ್ದರೆ ಪಕ್ಕದ ಕೊಂಡಿ ಜಾರಿ ಹೊರಬರಲಾರದು. ಒಂದು ಕೊಂಡಿ ಮುರಿದರೆ ಅದೊಂದನ್ನೇ ಬದಲಿಸಿದರಾಯಿತು.

ಆದರೂ ಕೆಡುವ ಸಂದರ್ಭಗಳು ಹಲವು. ತಣ್ಣನೆಯ ಚೂರನ್ನು ಒಮ್ಮೆಗೇ ಉರಿಯೊಳಗೆ ನುಗ್ಗಿಸಿದರೆ ಚಟ್ಟನೆ ಸಿಡಿಯುತ್ತದೆ, ಕಣ್ಣಿಗೆ ಅಪಾಯ. ಮೊದಲು ಉರಿಯ ಮೇಲುಗಡೆ ಆಡಿಸಿ ಬೆಚ್ಚಗೆ ಮಾಡಿಕೊಳ್ಳಬೇಕು. ಬಾಗಿಸಿದ ಬಿಸಿ ಕೊಂಡಿ ಹಿಂದಿನ ತಣ್ಣನೆಯ ಕೊಂಡಿಗೆ ತಾಗಿದರೆ ಎರಡರಲ್ಲೊಂದು ಬಿರಿಯುತ್ತದೆ. ಆದ್ದರಿಂದ ಹಿಂದಿನ ಸರವನ್ನು ಬೆರಳ ಕಡೆಯ ತಣ್ಣನೆಯ ತುದಿಯಲ್ಲಿ ಉಳಿಸಿಕೊಂಡೇ ಕೆಲಸ ಮಾಡಬೇಕು. ಸರ ಉದ್ದವಾದಂತೆ ಅದರ ಭಾರವನ್ನು ಎತ್ತಿಹಿಡಿಯಲು ಇನ್ನೊಬ್ಬರು ಬೇಕು. ಅಕ್ಕ ಬಾಗಿಸುವುದು, ತಂಗಿ ಸರ ಹಿಡಿದು ಕೂರುವುದು ಎಂಬ ಕೆಲಸದ ಹಂಚಿಕೆ ಹೀಗೆ ಸಹಜವಾಗಿ ಒದಗುತ್ತದೆ; ಕಲಿಕೆಯ ಕ್ರಮವೂ ಅದೇ. ಹಿಡಿದು ಕೂತವಳು ನೋಡಿ ನೋಡಿ ಮುಂದಿನ ವರ್ಷ ಬಾಗಿಸುವವಳಾಗುತ್ತಾಳೆ. ಬಿಸಿ ಕೊಂಡಿಯನ್ನು ಒದ್ದೆ ನೆಲಕ್ಕಾಗಲಿ ಕಲ್ಲಿಗಾಗಲಿ ತಾಗಿಸಬಾರದು. ಬಾಗಿದ ಗಾಜು ಮೆಲ್ಲನೆ ಆರಬೇಕು. ವೃತ್ತಿಗಾರರು ಅದಕ್ಕೆಂದೇ ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ಕ್ರಮವಾಗಿ ತಣಿಸುತ್ತಾರೆ. ಬಳೆಚೂರು ಬಹಳ ತೆಳುವಾದ್ದರಿಂದ ಗಾಳಿಯಲ್ಲಿ ಆರಿದರೂ ಬಹುತೇಕ ಉಳಿಯುತ್ತದೆ. ದಪ್ಪ ಬಳೆಯ ಚೂರಿಗಾದರೆ ಬಚ್ಚಲೊಲೆಯ ಬಿಸಿಬೂದಿಯೇ ತಣಿಸುವ ಗೂಡು.

ಬಳೆಯ ಜಾತಿಯ ಅರಿವೂ ಇದರೊಡನೆ ಬರುತ್ತದೆ. ಗಾಜಿನ ಮೈಯಲ್ಲೇ ಬಣ್ಣವಿರುವ ಹಸಿರು, ಕೆಂಪು, ನೀಲಿ ಬಳೆಗಳು ಉರಿಗೆ ಬಾಗಿಯೂ ಬಣ್ಣ ಕಳೆದುಕೊಳ್ಳುವುದಿಲ್ಲ. ಮೇಲೆ ಬಣ್ಣ ಲೇಪಿಸಿದ ಬಳೆ ಹೊಗೆಯಾಡಿ ಮೈ ಬಿಳಿಚಿಕೊಳ್ಳುತ್ತದೆ. ಚಿನ್ನದ ಗೆರೆಯ ಬಳೆ ಹೊಳಪು ಕಳೆದುಕೊಳ್ಳುತ್ತದೆ. ಅಂಥವನ್ನು ಸರದ ನಡುವೆ, ಉರಿಗೆ ತಾಗದ ಬಾಗು ಮಾತ್ರ ಕಾಣುವಂತೆ, ಎರಡನೆಯ ವಿಧದ ಕೊಂಡಿಗೆ ಬಳಸಬಹುದು. ಯಾವ ಅಂಗಡಿಯವನೂ ಹೇಳಿಕೊಡದ ಪದಾರ್ಥಜ್ಞಾನವಿದು.

ಒಂದು ತೋರಣಕ್ಕೆ ಎಷ್ಟು ಬಳೆ ಒಡೆದಿರಬೇಕು? ಮೊದಲ ವಿಧದ ಕೊಂಡಿಯ ಒಳ ಉದ್ದ ಸುಮಾರು ಎರಡು ಸೆಂಟಿಮೀಟರ್ ಎಂದು ಹಿಡಿದರೆ, 90 ಸೆಂಟಿಮೀಟರ್ ಅಗಲದ ಬಾಗಿಲ ಅಡ್ಡಸರಕ್ಕೆ 45 ಕೊಂಡಿಗಳು ಬೇಕು. ಅದರಿಂದ ಇಳಿಬಿಡುವ, 20 ಸೆಂಟಿಮೀಟರ್ ಉದ್ದದ ಒಂಬತ್ತು ಇಳಿಸರಗಳಿಗೆ 90 ಕೊಂಡಿಗಳು. ಬಳೆಗೆ ಮೂರು ಒಳ್ಳೆಯ ಚೂರಿನಂತೆ ಒಟ್ಟು 45 ಬಳೆಗಳಾದವು. ಮಾಡುವಾಗ ಸಿಡಿದು ಹಾಳಾಗುವುದನ್ನೂ ಸೇರಿಸಿದರೆ ಐದು ಡಜನ್ ಎನ್ನಬಹುದು. ಲೆಕ್ಕ ಅಂದಾಜಿನದಾದರೂ ಅದರಿಂದ ತಿಳಿಯುವ ಸಂಗತಿ ಮಹತ್ವದ್ದು. ಬಾಗಿಲ ಮೇಲಿನ ಒಂದು ತೋರಣವು ಒಬ್ಬಳ ಒಂದು ವರ್ಷದ ಸಂಗ್ರಹವಲ್ಲ. ಅಜ್ಜಿ, ಅತ್ತೆ, ಚಿಕ್ಕಮ್ಮ, ಹೆರಿಗೆಗೆ ಬಂದ ಅಕ್ಕ, ಹೀಗೆ ಒಂದು ಕೂಡುಮನೆಯ ಎಲ್ಲ ಕೈಗಳ ಕೆಲವು ವರ್ಷಗಳ ಒಡಕು ಅದರಲ್ಲಿ ಕೂಡಿರುತ್ತದೆ. ಸೀಮಂತದ ಹಸಿರು ಬಳೆಯೂ ಗೌರಿಯ ಬಾಗಿನದ ಬಳೆಯೂ ಜಾತ್ರೆಯಲ್ಲಿ ಕೊಂಡ ಚುಕ್ಕೆ ಬಳೆಯೂ ಅಕ್ಕಪಕ್ಕದಲ್ಲಿ ತೂಗುತ್ತವೆ. ಯಾವ ಕೊಂಡಿ ಯಾರ ಬಳೆಯದೆಂದು ಮಾಡಿದವಳು ಬಲ್ಲಳು. ಅವಳ ನಂತರ ಅದನ್ನು ಹೇಳುವವರಿಲ್ಲ.

ಮಳೆಗಾಲಕ್ಕೂ ಈ ಕೆಲಸಕ್ಕೂ ಇರುವ ಸಂಬಂಧವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಶೃಂಗೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಭದ್ರೆಯ ಕಡೆಗಿರುವ ನರಸಿಂಹರಾಜಪುರದಲ್ಲಿ ಅದಕ್ಕಿಂತ ಕಡಿಮೆ. ಆಷಾಢ ಶ್ರಾವಣದ ಮಳೆಗೆ ಅಂಗಳಕ್ಕಿಳಿಯಲಾಗದ ಮಕ್ಕಳಿಗೆ ದೀಪದ ಮುಂದೆ ಕೂರಲು ಬೇಕಾದಷ್ಟು ಬಿಡುವಿತ್ತು. ಅಡ್ಡಿಯೆಂದರೆ ಸೀಮೆಎಣ್ಣೆಯ ಖರ್ಚು ಮತ್ತು ಹಿರಿಯರ ಗದರಿಕೆ.

ಸರಕ್ಕೆ ಒದಗದ ಗಿಡ್ಡ ಚೂರುಗಳೂ ವ್ಯರ್ಥವಾಗುತ್ತಿರಲಿಲ್ಲ. ರಾಶಿ ಚೆಲ್ಲಿ, ಪಕ್ಕದ್ದು ಅಲುಗದಂತೆ ಒಂದೊಂದನ್ನೇ ಬೆರಳಿನಿಂದ ಎತ್ತುವ ಬಳೆಚೂರಿನ ಆಟಕ್ಕೆ ಅವು ಬೇಕು. ಗಾರೆ ಹಸಿಯಿರುವಾಗಲೇ ಕಟ್ಟೆಯ ಅಂಚಿಗೆ ಒತ್ತಿ ಕೂರಿಸಿದರೆ ಹೂವಿನ ಚಿತ್ತಾರವಾಗುತ್ತದೆ. ಮೂರು ಕನ್ನಡಿ ಪಟ್ಟಿಗಳನ್ನು ಮುಕ್ಕೋನವಾಗಿ ಕಟ್ಟಿ ಒಳಗೆ ಚೂರು ಹಾಕಿ ತಿರುಗಿಸುವ ಕೆಲಿಡೋಸ್ಕೋಪ್ ಶಾಲೆಯಿಂದ ಬಂದ ಬಳಕೆ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1817ರಲ್ಲಿ ಹಕ್ಕುಪತ್ರ ಪಡೆದ ಆ ಉಪಕರಣಕ್ಕೆ ಭಾರತದ ಶಾಲೆಗಳಲ್ಲಿ ಬಳೆಚೂರಿಗಿಂತ ಒಳ್ಳೆಯ ಸಾಮಗ್ರಿ ದೊರೆತಂತಿಲ್ಲ.

ಮಣಿಯಿಂದ ನೇಯ್ದ ತೋರಣಗಳಿಗೆ ಮಲೆನಾಡಿನಲ್ಲಿ ಇಂದಿಗೂ ಗೌರವವಿದೆ. ಬಳೆಚೂರಿನ ತೋರಣಕ್ಕೆ ಅದಿಲ್ಲ. ಮಣಿ ಕೊಂಡು ತಂದದ್ದು, ಚೂರು ಎಸೆಯಬೇಕಾದದ್ದು ಎಂಬ ಭೇದವೇ ಇದಕ್ಕೆ ಕಾರಣವಿರಬೇಕು. ಪ್ಲಾಸ್ಟಿಕ್ ಮತ್ತು ಲೋಹದ ಬಳೆಗಳು ಬಂದಮೇಲೆ ಚೂರೇ ಕಡಿಮೆಯಾಯಿತು. ಪ್ಲಾಸ್ಟಿಕ್ ಬಳೆ ಉರಿಯಲ್ಲಿ ಬಾಗುವುದಿಲ್ಲ, ಹೊಗೆಯಾಡುತ್ತ ತೊಟ್ಟಿಕ್ಕುತ್ತದೆ. ವಿದ್ಯುತ್ತು ಬಂದು ಬುಡ್ಡಿದೀಪ ಅಟ್ಟ ಸೇರಿತು. ಮಕ್ಕಳ ಕೈಗೆ ಉರಿ ಕೊಡುವ ಮನೆ ಈಗಿಲ್ಲ. ಅದು ತಪ್ಪೆಂದು ಯಾರೂ ಹೇಳಲಾರರು. ಕುಶಲತೆಯನ್ನು ಮತ್ತೆ ರೂಢಿಗೆ ತರುವುದಕ್ಕಿಂತ, ಮಾಡಿದವರು ಇರುವಾಗಲೇ ಅದನ್ನು ದಾಖಲಿಸುವುದು ಇಂದಿನ ತುರ್ತು.

ಅದಕ್ಕೆ ವಿಶೇಷ ಉಪಕರಣಗಳೇನೂ ಬೇಡ. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಆರಂಭಿಸಿದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಮೊದಲಾದವು ದಿನಬಳಕೆಯ ವಸ್ತುಗಳ ಸಂಗ್ರಹಕ್ಕೆ ಹಾದಿ ಹಾಕಿಕೊಟ್ಟಿವೆ. ಬಳೆಚೂರಿನ ಸರಕ್ಕೂ ಆ ಕ್ರಮವನ್ನು ಅನ್ವಯಿಸಿದರೆ ಸಾಕು. ಆದರೆ ಸರದ ಉದ್ದ ಮತ್ತು ಬಣ್ಣವನ್ನಷ್ಟೇ ಬರೆದುಕೊಂಡರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಕೊಂಡಿ ಯಾವ ವಿಧದ್ದು, ಎಷ್ಟು, ತುದಿಗಳು ಅಂಟಿವೆಯೇ ಸಂದು ಉಳಿದಿದೆಯೇ, ಮಸಿಯ ಗುರುತು ಎಲ್ಲಿದೆ, ಯಾವ ದೀಪದಲ್ಲಿ ಮಾಡಿದ್ದು, ಯಾರ ಯಾರ ಬಳೆ, ಸರ ಹಿಡಿದು ಕೂತವರು ಯಾರು ಎಂಬ ವಿವರಗಳು ಬೇಕು. ಭದ್ರಾ ಜಲಾಶಯದ ಹಿನ್ನೀರಿಗೆ ಹಳ್ಳಿಗಳು ಮುಳುಗಿದ ನರಸಿಂಹರಾಜಪುರದ ಕಡೆಯಲ್ಲಿ, ಮನೆ ಬಿಟ್ಟು ಬರುವಾಗ ಇಂಥ ಸರವನ್ನು ತಂದರೋ ಬಾಗಿಲ ಮೇಲೆಯೇ ಬಿಟ್ಟರೋ ಎಂಬುದೂ ಕೇಳಬೇಕಾದ ಪ್ರಶ್ನೆ. ಸರದ ಜೊತೆಗೆ ಅನೇಕ ವೇಳೆ ಒಂದು ತಗಡಿನ ಡಬ್ಬಿಯೂ ಇರುತ್ತದೆ. ಅದರಲ್ಲಿ ಬಾಗಿಸದೆ ಉಳಿದ ಚೂರುಗಳು, ಅರ್ಧ ಬಾಗಿ ಸಿಡಿದ ಕೊಂಡಿಗಳು, ಬಣ್ಣ ಕೆಟ್ಟು ಬೇಡವಾದವು ಬೆರೆತಿರುತ್ತವೆ. ಸರವನ್ನು ತೆಗೆದುಕೊಂಡು ಡಬ್ಬಿಯನ್ನು ಬಿಟ್ಟುಬರುವುದು ಸಂಗ್ರಾಹಕರ ಸಾಮಾನ್ಯ ತಪ್ಪು. ಎಷ್ಟು ಉದ್ದದ ಚೂರು ಸಾಲದಾಯಿತು, ಯಾವ ಬಳೆ ಉರಿಗೆ ನಿಲ್ಲಲಿಲ್ಲ ಎಂಬುದನ್ನು ತಿಳಿಸುವುದು ಆ ಡಬ್ಬಿ. ಎರಡನ್ನೂ ಒಂದೇ ಸಂಖ್ಯೆಯಡಿ ನಮೂದಿಸಬೇಕು.